ಹದಿನಾಲ್ಕು ಸೆಕೆಂಡು ಹಳೆಯ ‘ಲೈವ್’

“ನೆಟ್ ಸ್ಲೋ ಇದೆ ಸಾರ್, ಪ್ಲ್ಯಾನ್ ಅಪ್‌ಗ್ರೇಡ್ ಮಾಡ್ಸಿ.”

ಮನೆಗೆ ಸಿಸಿ ಕ್ಯಾಮೆರಾ ಹಾಕಿಸಿಕೊಂಡವರಲ್ಲಿ ಈ ಮಾತು ಕೇಳದವರು ಕಡಿಮೆ. ಮೊಬೈಲಲ್ಲಿ ಆ್ಯಪ್ ತೆಗೆದರೆ ಒಂದು ಚಕ್ರ ಗಿರಗಿರ ತಿರುಗುತ್ತೆ, ಆಮೇಲೆ ಚಿತ್ರ ಬರುತ್ತೆ, ಎರಡು ಹೆಜ್ಜೆ ನಡೆದ ಮನುಷ್ಯ ಅಲ್ಲೇ ಕಲ್ಲಾಗಿ ನಿಲ್ಲುತ್ತಾನೆ, ಮತ್ತೆ ನೋಡಿದರೆ ಗೇಟಿನಾಚೆ ಇರುತ್ತಾನೆ. ಮೂಲೆಯಲ್ಲಿ ಮಾತ್ರ ಕೆಂಪು ಅಕ್ಷರದಲ್ಲಿ ‘ಲೈವ್’ ಅಂತ ಧೈರ್ಯವಾಗಿ ಬರೆದಿರುತ್ತೆ! ಕ್ಯಾಮೆರಾ ಹಾಕಿದವನಿಗೆ ಫೋನ್ ಮಾಡಿದರೆ ಅವನು ನೆಟ್‌ನವನ ಕಡೆ ಕೈ ತೋರಿಸುತ್ತಾನೆ. ನೆಟ್‌ನವನು ದೊಡ್ಡ ಪ್ಲ್ಯಾನ್ ಕಡೆ ಕೈ ತೋರಿಸುತ್ತಾನೆ. ನಾವು ಪರ್ಸ್ ಕಡೆ ಕೈ ಹಾಕುತ್ತೇವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ :-) ಈ ತಡಕ್ಕೆ ಬಹಳಷ್ಟು ಸಲ ಪ್ಲ್ಯಾನ್ ಕಾರಣವಲ್ಲ. ರೋಗ ಮನೆಯೊಳಗೇ ಇರುತ್ತೆ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ತಡವಾಗಿ ಬರುವ ಚಿತ್ರ ಚಿತ್ರವೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಚಿತ್ರ ಇಲ್ಲದಿದ್ದರೆ ಫೋನ್ ಮಾಡಿ ಕೇಳ್ತೀವಿ. ನಿಂತುಹೋದ ಚಿತ್ರ ನೋಡಿದಾಗ ‘ಓ, ಅಪ್ಪ ಜಗಲಿಯಲ್ಲೇ ಕೂತಿದಾರೆ’ ಅಂತ ನಿಶ್ಚಿಂತೆಯಿಂದ ಮೊಬೈಲ್ ಕೆಳಗಿಡ್ತೀವಿ. ಅಪ್ಪ ಯಾವಾಗಲೋ ಎದ್ದು ಹೋಗಿರುತ್ತಾರೆ.

ಇದನ್ನು ಇಲ್ಲೇಕೆ ಬರೆಯುತ್ತಿದ್ದೇನೆ ಅಂದರೆ, ಇಲ್ಲಿಗೆ ಬಂದು ಓದುವವರಲ್ಲಿ ಅರ್ಧಕ್ಕರ್ಧ ಜನರ ಪರಿಸ್ಥಿತಿ ಒಂದೇ ಥರ. ನಾವು ಬೆಂಗಳೂರಲ್ಲೋ, ಪುಣೆಯಲ್ಲೋ, ನ್ಯೂಜೆರ್ಸಿಯಲ್ಲೋ. ಊರಲ್ಲಿ ಎರಡು ವಯಸ್ಸಾದ ಜೀವ, ಒಂದು ದೊಡ್ಡ ಮನೆ, ಗೋಡೆ ಮೇಲೆ ನಾಲ್ಕು ಕ್ಯಾಮೆರಾ. ಹಾಗಾಗಿ ಇದು ಗ್ಯಾಜೆಟ್ ಪುರಾಣ ಅಂತ ಬದಿಗೆ ಸರಿಸಬೇಡಿ.

*

ಮೊದಲು ರೋಗಕ್ಕೆ ಸರಿಯಾದ ಹೆಸರಿಡೋಣ. ‘ವಿಡಿಯೋ ಲ್ಯಾಗ್’ ಅಂತ ನಾವು ಒಂದೇ ಮಾತಲ್ಲಿ ಹೇಳುವುದರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ. ಒಂದು, ಚಿತ್ರ ನಯವಾಗಿ ಓಡುತ್ತೆ, ಆದರೆ ತಡವಾಗಿ ಬರುತ್ತೆ. ಎರಡು, ಚಿತ್ರ ತಡವಾಗಿ ಬರುವುದಿಲ್ಲ, ಆದರೆ ಕುಂಟುತ್ತೆ, ಚೌಕ ಚೌಕವಾಗಿ ಒಡೆಯುತ್ತೆ. ಮೂರು, ಆ್ಯಪ್ ತೆಗೆದ ಮೇಲೆ ಚಿತ್ರ ಶುರುವಾಗೋಕೇ ಯುಗ ಹಿಡಿಯುತ್ತೆ, ಶುರುವಾದ ಮೇಲೆ ಪರವಾಗಿಲ್ಲ. ಜ್ವರ, ಕೆಮ್ಮು, ಹೊಟ್ಟೆನೋವು ಮೂರಕ್ಕೂ ಒಂದೇ ಮಾತ್ರೆ ಕೊಡುವ ಡಾಕ್ಟರ್ ಹತ್ತಿರ ನಾವು ಹೋಗ್ತೀವಾ? ‘ಪ್ಲ್ಯಾನ್ ಅಪ್‌ಗ್ರೇಡ್’ ಅನ್ನೋದು ಅಂಥ ಮಾತ್ರೆ.

ಅಳತೆ ಮಾಡೋದು ಬಹಳ ಸುಲಭ. ಮನೆಯಲ್ಲಿರುವವರ ಮೊಬೈಲಲ್ಲಿ ಸ್ಟಾಪ್‌ವಾಚ್ ಓಡಿಸಿ, ಅದನ್ನು ಕ್ಯಾಮೆರಾದ ಎದುರು ಹಿಡಿಯೋಕೆ ಹೇಳಿ. ಪಕ್ಕದಲ್ಲೇ ಇನ್ನೊಂದು ಮೊಬೈಲಲ್ಲಿ ಲೈವ್ ತೆಗೆಯಿರಿ. ಎರಡೂ ಕಾಣುವ ಹಾಗೆ ಮೂರನೇ ಮೊಬೈಲಿಂದ ಒಂದು ಫೋಟೋ. ಸ್ಟಾಪ್‌ವಾಚಲ್ಲಿ 42, ಲೈವಲ್ಲಿ 28 ಇದ್ದರೆ ನಿಮ್ಮ ‘ಲೈವ್’ 14 ಸೆಕೆಂಡು ಹಳೆಯದು. ಇದನ್ನು ಎರಡು ಸಲ ಮಾಡಿ. ಒಮ್ಮೆ ನೋಡುವ ಮೊಬೈಲ್ ಮನೆಯ ವೈ-ಫೈಯಲ್ಲೇ ಇದ್ದಾಗ, ಇನ್ನೊಮ್ಮೆ ವೈ-ಫೈ ಆರಿಸಿ ಮೊಬೈಲ್ ಡೇಟಾದಲ್ಲಿ. ಮನೆಯೊಳಗೇ, ಅದೇ ವೈ-ಫೈಯಲ್ಲೇ ಚಿತ್ರ ಕುಂಟುತ್ತಾ ಇದ್ದರೆ ಮೊದಲು ನೋಡಬೇಕಾದ್ದು ಮನೆಯೊಳಗಿನ ದಾರಿಯನ್ನು. ಮನೆಯೊಳಗೆ ಚೆನ್ನಾಗಿದ್ದು ಹೊರಗೆ ಮಾತ್ರ ಕೆಟ್ಟಿದ್ದರೆ ಆಗ ಹೊರಗಿನ ದಾರಿಯನ್ನು ಅನುಮಾನಿಸಿ. ಐದು ನಿಮಿಷದ ಈ ಕೆಲಸವನ್ನು ಪ್ಲ್ಯಾನ್ ಮಾರುವವರು ಯಾರೂ ಮಾಡಿಸುವುದಿಲ್ಲ. ಯಾಕೆ ಅಂತ ನಾನು ಹೇಳಬೇಕಾಗಿಲ್ಲ.

“ನಾನು ಅಮೆರಿಕದಲ್ಲಿದೀನಿ, ಅಷ್ಟು ದೂರದಿಂದ ಬರೋಕೆ ಹೊತ್ತಾಗಲ್ವಾ?” ಅಂತ ಕೇಳಬಹುದು. ಸಣ್ಣ ಲೆಕ್ಕ ಹಾಕೋಣ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಬೆಂಗಳೂರಿಂದ ನ್ಯೂಯಾರ್ಕ್ ಕಡೆಗೆ ನೇರ ಗೆರೆ ಎಳೆದರೆ 13 ಸಾವಿರ ಚಿಲ್ಲರೆ ಕಿಲೋಮೀಟರ್. ಕೇಬಲ್ಲು ಸಮುದ್ರದಡಿ ಸುತ್ತಿ ಬಳಸಿ ಹೋಗುತ್ತೆ, ದಾರಿಯಲ್ಲಿ ಹತ್ತಾರು ಕಡೆ ಕೈ ಬದಲಾಗುತ್ತೆ. ಅಷ್ಟೆಲ್ಲ ಆದರೂ ಹೋಗಿ ಬರೋಕೆ ಹಿಡಿಯೋದು ಸುಮಾರು ಕಾಲು ಸೆಕೆಂಡು. ಹದಿನಾಲ್ಕು ಸೆಕೆಂಡಲ್ಲಿ ಕಾಲು ಸೆಕೆಂಡು ದೂರದ ಪಾಲು. ಉಳಿದ ಹದಿಮೂರು ಮುಕ್ಕಾಲು ಎಲ್ಲಿ ಹೋಯ್ತು? ಅದೇ ಈ ಬರಹದ ಪ್ರಶ್ನೆ.

*

ಉತ್ತರಕ್ಕೆ ಮೊದಲು ಕ್ಯಾಮೆರಾ ಚಿತ್ರ ಕಳಿಸುವ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. (ತಾಂತ್ರಿಕ ಅಂತ ಹೆದರಬೇಡಿ, ಅಂಗಡಿ ಲೆಕ್ಕ ಗೊತ್ತಿದ್ದರೆ ಸಾಕು.)

ಕಿರಾಣಿ ಅಂಗಡಿಯ ಖಾತೆ ಪುಸ್ತಕ ನೋಡಿರುತ್ತೀರಿ. ಪುಟದ ತಲೆಯಲ್ಲಿ ‘ಹಿಂದಿನ ಬಾಕಿ’ ಅಂತ ಪೂರ್ತಿ ಮೊತ್ತ ಬರೆದಿರುತ್ತೆ. ಅದರ ಕೆಳಗೆ ದಿನದಿನದ ವ್ಯತ್ಯಾಸ ಮಾತ್ರ: ಸಕ್ಕರೆಗೆ ಇಷ್ಟು ಸೇರಿತು, ಕೊಟ್ಟದ್ದು ಇಷ್ಟು ಕಳೆಯಿತು. ವಿಡಿಯೋ ಕೂಡ ಹೀಗೇ. ಆಗೊಮ್ಮೆ ಈಗೊಮ್ಮೆ ಪೂರ್ತಿ ಚಿತ್ರ ಒಂದು ಹೋಗುತ್ತೆ, ಇದನ್ನು ಕೀ ಫ್ರೇಮ್ ಅಥವಾ ಐ ಫ್ರೇಮ್ ಅಂತಾರೆ. ಅದರ ಮಧ್ಯೆ ಹೋಗುವುದೆಲ್ಲ ‘ಹಿಂದಿನದರಲ್ಲಿ ಇಷ್ಟು ಬದಲಾಯ್ತು’ ಅನ್ನುವ ಸಣ್ಣ ಚೀಟಿಗಳು. 2003ರಲ್ಲಿ ಬಂದ ಎಚ್.264 ಕ್ರಮವಾಗಲಿ, 2013ರಲ್ಲಿ ಬಂದ ಎಚ್.265 ಆಗಲಿ, ತಳಹದಿ ಇದೇ. ಗಾಳಿಗೆ ಅಲ್ಲಾಡದ ಅಂಗಳವನ್ನು ಸೆಕೆಂಡಿಗೆ ಹದಿನೈದು ಸಲ ಪೂರ್ತಿ ಬರೆದು ಕಳಿಸುವ ಅಗತ್ಯ ಏನಿದೆ ಹೇಳಿ?

ಜಾಣತನ ಇದೆ, ಅಪಾಯವೂ ಇದೆ. ಮಧ್ಯದ ಒಂದು ಚೀಟಿ ಕಳೆದುಹೋದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಮುಂದಿನ ‘ಹಿಂದಿನ ಬಾಕಿ’ ಬರುವ ತನಕ ತೆರೆಯ ಮೇಲೆ ಬೂದುಬಣ್ಣದ ಚೌಕಗಳ ಕುಣಿತ. ಹಾಗೇ ನೀವು ಮಧ್ಯದಲ್ಲಿ ಆ್ಯಪ್ ತೆಗೆದರೆ ಬರೀ ಚೀಟಿಗಳನ್ನು ಇಟ್ಟುಕೊಂಡು ಚಿತ್ರ ಕಟ್ಟೋಕೆ ಆಗಲ್ಲ, ಮುಂದಿನ ಪೂರ್ತಿ ಚಿತ್ರಕ್ಕೆ ಕಾಯಬೇಕು. ಕ್ಯಾಮೆರಾ ಸೆಟ್ಟಿಂಗಲ್ಲಿ ‘ಐ ಫ್ರೇಮ್ ಇಂಟರ್‌ವಲ್’ ಅಂತ ಒಂದು ಅಂಕಿ ಇರುತ್ತೆ. ಸೆಕೆಂಡಿಗೆ 15 ಫ್ರೇಮ್ ಕಳಿಸುವ ಕ್ಯಾಮೆರಾದಲ್ಲಿ ಅದು 60 ಅಂತಿದ್ದರೆ ನಾಲ್ಕು ಸೆಕೆಂಡಿಗೊಮ್ಮೆ ಮಾತ್ರ ಪೂರ್ತಿ ಚಿತ್ರ. ಅದನ್ನು 15 ಅಥವಾ 30ಕ್ಕೆ ಇಳಿಸಿದರೆ ಒಂದೆರಡು ಸೆಕೆಂಡಿಗೊಮ್ಮೆ. ಇದಕ್ಕೆ ಖರ್ಚು ಸೊನ್ನೆ ರೂಪಾಯಿ. ಇದರ ಜತೆ ‘ಸ್ಮಾರ್ಟ್’ ಕೋಡೆಕ್ ಅನ್ನುವ ಆಯ್ಕೆ ಇದ್ದರೆ ಅದನ್ನೂ ಆರಿಸಿ ನೋಡಿ. ಅದು ಹಾರ್ಡ್‌ಡಿಸ್ಕ್ ಜಾಗ ಉಳಿಸೋಕೆ ಅಂತ, ಅಲುಗಾಟ ಇಲ್ಲದಾಗ ಪೂರ್ತಿ ಚಿತ್ರಗಳ ನಡುವಿನ ಅಂತರವನ್ನು ಹಿಗ್ಗಿಸುತ್ತೆ.

*

ಈಗ ದಾರಿ ಹಿಡಿಯೋಣ. ಕ್ಯಾಮೆರಾದಿಂದ ನಿಮ್ಮ ಕಣ್ಣಿನ ತನಕ ಐದು ಕಡೆ ಗಾಡಿ ಸಿಕ್ಕಿಹಾಕಿಕೊಳ್ಳಬಹುದು.

ಮೊದಲನೇದು, ಕ್ಯಾಮೆರಾದಿಂದ ರೌಟರ್ ತನಕ. ಬಹಳ ಮನೆಗಳಲ್ಲಿ ರೌಟರ್ ಎಲ್ಲಿರುತ್ತೆ? ಟಿವಿ ಶೋಕೇಸಿನ ಹಿಂದೆ, ಗಣಪತಿ ಮೂರ್ತಿ ಮತ್ತು ಸ್ಟೀಲ್ ಕಪ್ಪುಗಳ ಮಧ್ಯೆ. ಕ್ಯಾಮೆರಾ ಎಲ್ಲಿ? ಗೇಟಿನ ಕಂಬದ ಮೇಲೆ. ನಡುವೆ ಎರಡು ಗೋಡೆ. ನಮ್ಮ ಕಡೆಯ ಹಳೇ ಮನೆಯಾದರೆ ಮೊಳದಪ್ಪದ ಕೆಂಪುಕಲ್ಲಿನ ಗೋಡೆ, ಹೊಸ ಮನೆಯಾದರೆ ಕಬ್ಬಿಣ ತುಂಬಿದ ಕಾಂಕ್ರೀಟು. ವೈ-ಫೈ ಅನ್ನೋದು ಊರ ಪಂಚಾಯ್ತಿ ಕಟ್ಟೆ ಇದ್ದ ಹಾಗೆ, ಒಂದು ಚಾನೆಲ್ಲಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ದೂರ ಕೂತು ಮೆಲ್ಲಗೆ ತೊದಲುವವನೊಬ್ಬ ಇದ್ದರೆ ಅವನು ಮುಗಿಸುವ ತನಕ ಉಳಿದವರೆಲ್ಲ ಕಾಯಬೇಕು. ಸಿಗ್ನಲ್ ದುರ್ಬಲ ಇರುವ ಗೇಟಿನ ಕ್ಯಾಮೆರಾ ಆ ತೊದಲುವವನು. ಅದರಿಂದ ಅದಷ್ಟೇ ಅಲ್ಲ, ಮಿಕ್ಕ ಕ್ಯಾಮೆರಾಗಳೂ ಕುಂಟುತ್ತವೆ.

ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಇಪ್ಪತ್ತು ಮನೆಯವರು ಅದೇ ಮೂರಕ್ಕೆ ಮುಗಿಬಿದ್ದಿರುತ್ತಾರೆ. ಮೊಬೈಲಲ್ಲಿ ವೈ-ಫೈ ಅನಲೈಜರ್ ಹಾಕಿ, ಕಡಿಮೆ ಗಲಾಟೆ ಇರುವ ಚಾನೆಲ್ ಆರಿಸಿ. ರೌಟರನ್ನು ಶೋಕೇಸಿಂದ ಎಬ್ಬಿಸಿ ಎತ್ತರದಲ್ಲಿ, ಬಯಲಲ್ಲಿ ಇಡಿ. ಟಿವಿ, ಲ್ಯಾಪ್‌ಟಾಪ್, ಮೊಬೈಲ್‌ಗಳನ್ನು 5 ಗಿಗಾಹರ್ಟ್ಸಿಗೆ ಕಳಿಸಿ. ಆದರೆ ಇದೆಲ್ಲಕ್ಕಿಂತ ದೊಡ್ಡ ಔಷಧಿ ಒಂದೇ: ತಂತಿ. ಕ್ಯಾಟ್ 6 ಕೇಬಲ್ಲು 100 ಮೀಟರ್ ತನಕ ತಕರಾರಿಲ್ಲದೆ ಒಯ್ಯುತ್ತೆ. ಪಿಒಇ ಇರುವ ಕ್ಯಾಮೆರಾ ಆದರೆ ಅದೇ ತಂತಿಯಲ್ಲಿ ಕರೆಂಟೂ ಹೋಗುತ್ತೆ. ಕೇಬಲ್ ಎಳೆಸೋಕೆ ಬೇಜಾರು ಅಂತ ರಿಪೀಟರ್ ತಂದು ಸಿಕ್ಕಿಸುವವರು ಗಮನಿಸಿ, ಒಂದೇ ರೇಡಿಯೋದ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕು, ಗಾಳಿಯ ಅರ್ಧ ಸಮಯ ಅದಕ್ಕೇ ಹೋಗುತ್ತೆ. (ಮಲೆನಾಡಿನವರಿಗೆ ಒಂದು ಎಚ್ಚರಿಕೆ: ತೋಟದ ತನಕ ಎಳೆದ ತಾಮ್ರದ ತಂತಿ ಗುಡುಗು ಸಿಡಿಲಿಗೆ ಆಹ್ವಾನ ಪತ್ರಿಕೆ. ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ನೋಡಿಸಿ.)

ಎರಡನೇದು, ಅಪ್‌ಲೋಡ್. ನಾವು ಸಿನಿಮಾ ನೋಡುವಾಗ ನೆಟ್ ಒಳಗೆ ಬರುತ್ತೆ. ಕ್ಯಾಮೆರಾ ನೋಡುವಾಗ ಊರ ಮನೆಯಿಂದ ಹೊರಗೆ ಹೋಗಬೇಕು. ಫೈಬರ್‌ನಲ್ಲಿ ಎರಡೂ ಸಮ ಇರುವ ಪ್ಲ್ಯಾನ್‌ಗಳು ಬೇಕಾದಷ್ಟಿವೆ. ಆದರೆ ಹಳ್ಳಿ ಮನೆಯಲ್ಲಿ ಸಿಮ್ ಹಾಕಿದ ರೌಟರ್ ಇದ್ದರೆ ಒಳಬರುವುದು 30 ಇದ್ದರೂ ಹೊರಹೋಗುವುದು 3 ಎಂಬಿಪಿಎಸ್ ಇರಬಹುದು. ಸ್ಪೀಡ್ ಟೆಸ್ಟ್ ಮಾಡಿದಾಗ ನಾವು ದೊಡ್ಡ ಅಂಕಿಯನ್ನೇ ನೋಡಿ ಸಂತೋಷ ಪಡ್ತೀವಿ. ಕ್ಯಾಮೆರಾಕ್ಕೆ ಬೇಕಿರೋದು ಪಕ್ಕದ ಸಣ್ಣ ಅಂಕಿ.

ಮೂರನೇದು, ಚಿತ್ರದ ತೂಕ. 4 ಮೆಗಾಪಿಕ್ಸೆಲ್ ಕ್ಯಾಮೆರಾ ಸುಮಾರು 4 ಎಂಬಿಪಿಎಸ್ ಕಳಿಸುತ್ತೆ ಅಂತಿಟ್ಟುಕೊಳ್ಳಿ. ನಾಲ್ಕು ಕ್ಯಾಮೆರಾ ಒಟ್ಟಿಗೆ ತೆಗೆದರೆ 16. ಮೂರು ಎಂಬಿಪಿಎಸ್ ಬಾಗಿಲಲ್ಲಿ ಹದಿನಾರು ತೂರಿಸೋಕೆ ಹೋದರೆ ಸಾಲು ನಿಲ್ಲದೆ ಇನ್ನೇನಾಗುತ್ತೆ? ಆ ಸಾಲೇ ನಿಮ್ಮ ಹದಿನಾಲ್ಕು ಸೆಕೆಂಡು. ಹೆಚ್ಚಿನ ಕ್ಯಾಮೆರಾಗಳಲ್ಲಿ ‘ಸಬ್ ಸ್ಟ್ರೀಮ್’ ಅಂತ ಇನ್ನೊಂದು ಹಗುರವಾದ ಧಾರೆ ಇರುತ್ತೆ, ಅರ್ಧ ಎಂಬಿಪಿಎಸ್‌ನಲ್ಲಿ ಮುಗಿಯುವಂಥದ್ದು. ರೆಕಾರ್ಡಿಂಗ್ ಮನೆಯಲ್ಲೇ ಪೂರ್ತಿ ಗುಣಮಟ್ಟದಲ್ಲಿ ಆಗಲಿ. ಅಂಗೈಯಗಲದ ಮೊಬೈಲಲ್ಲಿ ದೂರದಿಂದ ನೋಡೋಕೆ ಸಬ್ ಸ್ಟ್ರೀಮ್ ಧಾರಾಳ ಸಾಕು. ಆ್ಯಪಲ್ಲಿ ‘ಎಚ್‌ಡಿ’ ಅಂತಿರುವುದನ್ನು ‘ಎಸ್‌ಡಿ’ ಅಥವಾ ‘ಸ್ಮೂತ್’ ಮಾಡಿದರೆ ಆಯ್ತು. ಅಮ್ಮನ ಸೀರೆಯ ಅಂಚಿನ ಬಣ್ಣ ಯಾವುದು ಅನ್ನೋದಕ್ಕಿಂತ ಅಮ್ಮ ಈಗ ನಡೀತಿದಾರಾ ಅನ್ನೋದು ಮುಖ್ಯ ಅಲ್ವಾ?

ನಾಲ್ಕನೇದು, ವಠಾರದ ಸಮಸ್ಯೆ. ಅಂತರ್ಜಾಲದ ಹಳೇ ಮಾದರಿಯ ವಿಳಾಸಗಳು, ಅಂದರೆ ಐಪಿವಿ4, ಒಟ್ಟು ಸುಮಾರು 430 ಕೋಟಿ. ಏಷ್ಯಾ ಪೆಸಿಫಿಕ್‌ಗೆ ಹಂಚುವ ದಾಸ್ತಾನು 2011ರ ಏಪ್ರಿಲ್ಲಿನಲ್ಲೇ ಕೊನೆಯ ಕಂತಿಗೆ ಬಂತು. ಹಾಗಾಗಿ ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ, ಒಂದೇ ಡೋರ್ ನಂಬರಿನ ವಠಾರದಲ್ಲಿ ಹತ್ತು ಸಂಸಾರ ಇದ್ದ ಹಾಗೆ. ಇದಕ್ಕೆ ಸಿಜಿನ್ಯಾಟ್ ಅಂತಾರೆ. ಹೊರಗಿನಿಂದ ಬಂದ ಪೋಸ್ಟ್‌ಮ್ಯಾನಿಗೆ ನಿಮ್ಮ ಕೋಣೆ ಯಾವುದು ಅಂತ ಗೊತ್ತಾಗಲ್ಲ. ಆಗ ಕ್ಯಾಮೆರಾ ಕಂಪನಿಯ ಸರ್ವರ್ ಮಧ್ಯಸ್ಥಿಕೆ ವಹಿಸಿ ಇಬ್ಬರಿಗೂ ಪರಿಚಯ ಮಾಡಿಸುತ್ತೆ. ಪರಿಚಯ ಆದ ಮೇಲೆ ನೇರ ಮಾತುಕತೆ ಸಾಧ್ಯವಾದರೆ ಸರಿ, ಆಗದಿದ್ದರೆ ಪ್ರತಿಯೊಂದು ಚೀಟಿಯೂ ಆ ಮಧ್ಯಸ್ಥನ ಕೈಯಿಂದಲೇ ದಾಟಬೇಕು. ಅವನು ಎಲ್ಲೋ ಬೇರೆ ದೇಶದಲ್ಲಿದ್ದು, ಸಾವಿರಾರು ಜನರ ಚೀಟಿ ದಾಟಿಸುತ್ತಿದ್ದರೆ ತಡ ಆಗದೆ ಇರುತ್ತಾ? ನಿಮ್ಮ ರೌಟರಿನ ಪುಟದಲ್ಲಿ ವ್ಯಾನ್ ಐಪಿ ಅನ್ನೋದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ವಠಾರದಲ್ಲಿದ್ದೀರಿ ಅಂತ ಅರ್ಥ. ನೆಟ್‌ನವರಿಗೆ ಕೇಳಬೇಕಾದ್ದು ‘ಸ್ಪೀಡ್ ಜಾಸ್ತಿ ಮಾಡಿ’ ಅಂತಲ್ಲ, ‘ಐಪಿವಿ6 ಕೊಡಿ, ಇಲ್ಲಾ ಪಬ್ಲಿಕ್ ಐಪಿ ಕೊಡಿ’ ಅಂತ.

ಐದನೇದು, ನೋಡುವ ಕಡೆ. ಆಫೀಸಿನ ವೈ-ಫೈ ಎಷ್ಟೋ ಸಲ ನೇರ ಮಾತುಕತೆಗೆ ಬಾಗಿಲು ಹಾಕಿರುತ್ತೆ. ಹಳೇ ಫೋನಿಗೆ ಎಚ್.265 ಬಿಡಿಸೋದು ಕಷ್ಟ. ಇನ್ನು ಕೆಲವು ಆ್ಯಪ್‌ಗಳು ವಿಡಿಯೋವನ್ನು ತುಂಡು ತುಂಡು ಮಾಡಿ ಕಳಿಸುವ ಎಚ್‌ಎಲ್‌ಎಸ್ ಕ್ರಮ ಬಳಸುತ್ತವೆ. ಆಪಲ್ ಕಂಪನಿ 2009ರಲ್ಲಿ ತಂದ ಈ ಕ್ರಮ ಕ್ರಿಕೆಟ್ ಮ್ಯಾಚ್ ತೋರಿಸೋಕೆ ಬಹಳ ಒಳ್ಳೇದು. ಆದರೆ ಆರು ಸೆಕೆಂಡಿನ ಮೂರು ತುಂಡು ಕೂಡಿಟ್ಟುಕೊಂಡು ಶುರುಮಾಡಿದರೆ ಹದಿನೆಂಟು ಸೆಕೆಂಡು ಹುಟ್ಟುವಾಗಲೇ ಹಳೇದು. ಪಕ್ಕದ ಮನೆಯವರು ಸಿಕ್ಸರ್‌ಗೆ ಕೂಗಿದ ಮೇಲೆ ನಿಮ್ಮ ಮೊಬೈಲಲ್ಲಿ ಬೌಲರ್ ಓಡಿ ಬರ್ತಾನಲ್ಲ, ಅದೇ ಕಥೆ. ನೇರ ಮಾತುಕತೆಗೆ ಅಂತಲೇ ಇರುವ ವೆಬ್‌ಆರ್‌ಟಿಸಿ, 2021ರ ಜನವರಿಯಲ್ಲಿ ಅಧಿಕೃತ ಮಾನದಂಡ ಆಗಿದ್ದು, ಇಂಥ ಕೂಡಿಡುವಿಕೆ ಮಾಡುವುದಿಲ್ಲ. ಯಾವ ಕ್ಯಾಮೆರಾದ ಆ್ಯಪ್ ಯಾವುದನ್ನು ಬಳಸುತ್ತೆ ಅಂತ ಪೆಟ್ಟಿಗೆ ಮೇಲೆ ಬರೆಯೋದಿಲ್ಲ, ಅದು ಬೇರೆ ಮಾತು.

*

ಬರೀ ಥಿಯರಿ ಆಯ್ತು ಅಂತೀರೇನೋ. ಒಂದು ಮನೆಯ ಕಥೆ ಹೇಳ್ತೀನಿ. ನನ್ನ ಗೆಳೆಯನೊಬ್ಬ ನ್ಯೂಜೆರ್ಸಿಯಲ್ಲಿದ್ದಾನೆ, ಅವನ ಆಯಿ ಒಬ್ಬರೇ ಶಿರಸಿ ಹತ್ತಿರದ ಹಳ್ಳಿಯ ಮನೆಯಲ್ಲಿ. ನಾಲ್ಕು ವೈ-ಫೈ ಕ್ಯಾಮೆರಾ. ಪ್ಲ್ಯಾನು 40ರಿಂದ 100 ಎಂಬಿಪಿಎಸ್‌ಗೆ ಏರಿಸಿದ್ದಾಯ್ತು, ತಡ ಒಂದು ಸೆಕೆಂಡೂ ಇಳಿಯಲಿಲ್ಲ. ಕಳೆದ ದೀಪಾವಳಿಗೆ ಆ ಕಡೆ ಹೋದವನು ಅವರ ಮನೆಗೂ ಹೋಗಿ ಸ್ಟಾಪ್‌ವಾಚ್ ಹಿಡಿದೆ. ಹದಿನಾಲ್ಕು ಸೆಕೆಂಡು. ಮನೆಯೊಳಗಿನ ವೈ-ಫೈಯಲ್ಲೂ ಆರೇಳು ಸೆಕೆಂಡು! ಅಂದರೆ ಅರ್ಧ ರೋಗ ಹೊಸ್ತಿಲು ದಾಟುವ ಮೊದಲೇ.

ಮಾಡಿದ್ದು ಇಷ್ಟು. ಶಿರಸಿ ಪೇಟೆಯಿಂದ ಕೇಬಲ್ ತಂದು, ಎಲೆಕ್ಟ್ರಿಷಿಯನ್ ಕರೆದು, ಲ್ಯಾನ್ ಸಾಕೆಟ್ ಇದ್ದ ಎರಡು ಕ್ಯಾಮೆರಾಗಳನ್ನು ತಂತಿಗೆ ಹಾಕಿಸಿದೆವು. ರೌಟರನ್ನು ನಾಗಂದಿಗೆ ಮೇಲೆ ಏರಿಸಿದೆವು. ಐ ಫ್ರೇಮ್ ಅಂತರ ಇಳಿಸಿ, ಆ್ಯಪ್ಪನ್ನು ಸಬ್ ಸ್ಟ್ರೀಮಿಗೆ ಹಾಕಿದೆವು. ರೌಟರಿಗೂ ಗೋಡೆ ಮೇಲಿನ ಫೈಬರ್ ಡಬ್ಬಿಗೂ ಒಂದು ಪುಟ್ಟ 12 ವೋಲ್ಟಿನ ಯುಪಿಎಸ್, ಯಾಕೆಂದರೆ ಆ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಸಂಜೆ ಗೆಳೆಯನಿಗೆ ಫೋನ್ ಮಾಡಿ ನೋಡೋಕೆ ಹೇಳಿದರೆ ನ್ಯೂಜೆರ್ಸಿಯಲ್ಲಿ ತಡ ಎರಡು ಸೆಕೆಂಡು ಚಿಲ್ಲರೆ. ಒಟ್ಟು ಖರ್ಚು ಅವನು ಪ್ಲ್ಯಾನ್‌ಗೆ ವರ್ಷಕ್ಕೆ ಹೆಚ್ಚುವರಿಯಾಗಿ ಕಟ್ಟುತ್ತಿದ್ದುದಕ್ಕಿಂತ ಕಮ್ಮಿ. ಪ್ಲ್ಯಾನನ್ನು ವಾಪಸ್ 40ಕ್ಕೆ ಇಳಿಸಿದರೂ ತಡ ಅಷ್ಟೇ ಇದೆ.

ಒಂದು ಅಡ್ಡದಾರಿ ಇದೆ, ಅದನ್ನು ಹಿಡಿಯಬೇಡಿ. ರೌಟರಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಕ್ಯಾಮೆರಾವನ್ನು ನೇರ ಅಂತರ್ಜಾಲಕ್ಕೆ ತೆರೆದಿಡುವುದು. ತಡ ಕಮ್ಮಿ ಆಗುತ್ತೆ ನಿಜ. ಆದರೆ ಬಾಗಿಲು ತೆರೆದರೆ ನಿಮಗೊಬ್ಬರಿಗೇ ತೆರೆಯೋದಿಲ್ಲ. 2016ರಲ್ಲಿ ಮಿರೈ ಅನ್ನುವ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಹುಡುಕಿ ಹುಡುಕಿ ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ಅಂಥ ಸಾಧನಗಳ ದಂಡೇ ಅಮೆರಿಕದ ಡಿನ್ ಕಂಪನಿಯ ಮೇಲೆ ಬಿದ್ದು ಟ್ವಿಟರ್‌ನಂಥ ದೊಡ್ಡ ದೊಡ್ಡ ತಾಣಗಳು ಗಂಟೆಗಟ್ಟಲೆ ಸಿಗದ ಹಾಗಾಯ್ತು. ನೇರ ದಾರಿ ಬೇಕೇ ಬೇಕಂದರೆ ವಿಪಿಎನ್ ಹಾಕಿಸಿ. ಮತ್ತೆ ದಯವಿಟ್ಟು, ಹಾಕಿದವನು ಇಟ್ಟುಹೋದ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ. ನಿಮ್ಮ ತಾಯಿಯ ಜಗಲಿ ಅವನ ಮೊಬೈಲಲ್ಲೂ ಇರಬಹುದು.

*

ಇಷ್ಟೆಲ್ಲ ಕಷ್ಟವನ್ನು ನಾವೇ ಯಾಕೆ ಪಡಬೇಕು? ನನ್ನ ಸಿಟ್ಟು ಇರುವುದು ಇಲ್ಲಿ. ಪೆಟ್ಟಿಗೆಯ ಮೇಲೆ ಮೆಗಾಪಿಕ್ಸೆಲ್ ಎಷ್ಟು ಅಂತ ಬರೆದಿರುತ್ತೆ, ರಾತ್ರಿ ಎಷ್ಟು ಮೀಟರ್ ಕಾಣುತ್ತೆ ಅಂತ ಬರೆದಿರುತ್ತೆ. ಎಷ್ಟು ತಡ ಅಂತ ಎಲ್ಲಾದರೂ ಬರೆದದ್ದು ನೋಡಿದ್ದೀರಾ? 2024ರ ಏಪ್ರಿಲ್ಲಿನಲ್ಲಿ ಕೇಂದ್ರ ಸರ್ಕಾರ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಅಂತ ಆದೇಶ ಹೊರಡಿಸಿತು, 2025ರ ಏಪ್ರಿಲ್ಲಿಂದ ಜಾರಿಗೆ ಬಂತು. ಒಳ್ಳೇ ಕೆಲಸ. ಆದರೆ ಗ್ರಾಹಕನಾಗಿ ನನಗೆ ಇನ್ನೊಂದು ಸಾಲೂ ಬೇಕು: ಇಂಥ ನೆಟ್‌ನಲ್ಲಿ, ಹೀಗೆ ಅಳೆದರೆ, ಲೈವ್ ಇಷ್ಟು ಸೆಕೆಂಡು ತಡ. ಹಾಲಿನ ಪ್ಯಾಕೆಟ್ಟಿಗೂ ಔಷಧಿಗೂ ತಾರೀಖು ಇರುವಾಗ ‘ಲೈವ್’ ಅನ್ನುವ ಮಾತಿಗೆ ಇರಬಾರದಾ?

ಅದು ಬರುವ ತನಕ ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಲ್ಯಾನ್ ಸಾಕೆಟ್ ಇದೆಯಾ? ಸಬ್ ಸ್ಟ್ರೀಮ್ ಇದೆಯಾ, ಐ ಫ್ರೇಮ್ ಅಂತರ ನಾನು ಬದಲಾಯಿಸಬಹುದಾ? ಆನ್‌ವಿಫ್ ಇದೆಯಾ? (2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಕಂಪನಿಗಳು ಸೇರಿ ಕಟ್ಟಿದ ಸಂಸ್ಥೆಯ ಮಾನದಂಡ ಇದು. ಇದ್ದರೆ ಒಂದು ಕಂಪನಿಯ ಕ್ಯಾಮೆರಾವನ್ನು ಇನ್ನೊಂದರ ರೆಕಾರ್ಡರಿಗೆ, ಬೇರೆ ಆ್ಯಪ್ಪಿಗೆ ಜೋಡಿಸಬಹುದು.) ನೆಟ್ ಇಲ್ಲದಾಗಲೂ ರೆಕಾರ್ಡ್ ಆಗುತ್ತಾ? ಮಾರುವವನು ತಲೆ ಕೆರೆದುಕೊಂಡರೆ ಬೇರೆ ಅಂಗಡಿ.

*

ಇಲ್ಲಿಗೇ ಮುಗಿಸಿದ್ದರೆ ಇದು ಒಂದು ‘ಹೀಗೆ ಮಾಡಿ’ ಬರಹ ಆಗುತ್ತಿತ್ತು. ಆದರೆ ಆಯಿಯ ಕಥೆ ಮುಗಿದಿಲ್ಲ.

ಲೈವ್ ಸರಿಹೋಗಿ ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅವರು ಹಿತ್ತಿಲ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಹಿತ್ತಿಲಿಗೆ ಕ್ಯಾಮೆರಾ ಇರಲಿಲ್ಲ. ಗೆಳೆಯ ಆ ಹೊತ್ತಿಗೆ ಮೊಬೈಲಲ್ಲಿ ಜಗಲಿಯನ್ನು ನೋಡುತ್ತಲೇ ಇದ್ದನಂತೆ. ಎರಡೇ ಸೆಕೆಂಡು ತಡದ, ಚೊಕ್ಕವಾದ, ನಯವಾದ, ಖಾಲಿ ಜಗಲಿ. ಮುಕ್ಕಾಲು ಗಂಟೆಯ ಮೇಲೆ ಅವರನ್ನು ಕಂಡಿದ್ದು ಮಜ್ಜಿಗೆ ಕೇಳೋಕೆ ಬಂದ ಪಕ್ಕದ ಮನೆಯ ಹುಡುಗಿ. ಕೈ ಮುರಿದಿತ್ತು, ಈಗ ಹುಷಾರಾಗಿದ್ದಾರೆ. ಅವನು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ: “ಪಕ್ಕದ ಮನೆಯವರ ನಂಬರ್ ನನ್ನ ಹತ್ರ ಇರಲಿಲ್ಲ ಕಣೋ.”

1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟಿದ್ದರು. ಕಾಫಿ ಇದೆಯೋ ಇಲ್ಲವೋ ಅಂತ ಕೂತಲ್ಲಿಂದಲೇ ನೋಡೋಕೆ. 1993ರಲ್ಲಿ ಅದು ವೆಬ್‌ಗೆ ಬಂತು, 2001ರ ಆಗಸ್ಟಿನಲ್ಲಿ ಆರಿಸಿದರು. ಜಗತ್ತಿನ ಮೊದಲ ವೆಬ್‌ಕ್ಯಾಮ್ ಅಂತ ಅದಕ್ಕೆ ಹೆಸರು. ಅದರ ಚಿತ್ರ ಮೊದಲು ಬದಲಾಗುತ್ತಿದ್ದುದು ನಿಮಿಷಕ್ಕೆ ಮೂರು ಸಲ, ಅದೂ ಕಪ್ಪು ಬಿಳುಪು. ಯಾರೂ ಲ್ಯಾಗ್ ಅಂತ ದೂರಲಿಲ್ಲ, ಯಾಕೆಂದರೆ ಪಾತ್ರೆ ತುಂಬೋದೇ ನಿಧಾನ. ಅವರಿಗೆ ಏನು ನೋಡಬೇಕು ಅನ್ನೋದು ಗೊತ್ತಿತ್ತು. ನಮಗೆ ಗೊತ್ತಿದೆಯಾ?

ಕಳ್ಳ ಬಂದರೆ ಬೇಕಿರೋದು ಎಚ್ಚರಿಕೆಯ ಗಂಟೆ ಮತ್ತು ಮನೆಯೊಳಗೇ ಉಳಿಯುವ ರೆಕಾರ್ಡಿಂಗು. ಅಪ್ಪ ಅಮ್ಮ ಬಿದ್ದರೆ ಬೇಕಿರೋದು ಐದು ನಿಮಿಷದಲ್ಲಿ ಓಡಿ ಬರುವ ಮನುಷ್ಯ. ಇವೆರಡೂ ಲೈವ್ ಅಲ್ಲ. ಬಾಗಿಲಲ್ಲಿ ನಿಂತವರ ಜತೆ ಮಾತಾಡೋಕೆ, ಗಂಟೆ ಹೊಡೆದಾಗ ಏನಾಯ್ತು ಅಂತ ನೋಡೋಕೆ ಲೈವ್ ಬೇಕು, ಆಗ ಅದು ಎರಡು ಸೆಕೆಂಡಲ್ಲಿ ಬರಲೇಬೇಕು. ಅದಕ್ಕಾಗಿಯೇ ಸರಿಮಾಡಿ ಅನ್ನುತ್ತಿದ್ದೇನೆ. ಆದರೆ ಇಡೀ ದಿನ ಖಾಲಿ ಜಗಲಿ ನೋಡುತ್ತಾ ಕೂರುವುದು ಕಾವಲಲ್ಲ, ಅದು ನಮ್ಮ ಮನಸ್ಸಿನ ಸಮಾಧಾನಕ್ಕೆ.

ಆ ಸಮಾಧಾನದ ಬೆಲೆ ಇನ್ನೊಬ್ಬರು ಕೊಡುತ್ತಾರೆ. ಅದೇ ಆಯಿ ಒಳಜಗಲಿಯ ಕ್ಯಾಮೆರಾಕ್ಕೆ ಒಂದು ಒದ್ದೆ ಟವೆಲ್ ಹಾಕಿಟ್ಟಿದ್ದರು. ಕೇಳಿದ್ದಕ್ಕೆ, “ಅದು ಯಾವಾಗ್ಲೂ ನೋಡ್ತಾ ಇರ್ತು ಮಾರಾಯಾ, ಯಂಗೆ ಸೀರೆ ಒಣಗ್ಸಲೂ ನಾಚ್ಕೆ ಆಗ್ತು” ಅಂದರು. ಅದನ್ನು ತೆಗೆದು ಗೇಟಿನ ಕಡೆ ತಿರುಗಿಸಿದೆವು. ಕ್ಯಾಮೆರಾ ನೋಡಬೇಕಾದ್ದು ಬರುವವರನ್ನು, ಇರುವವರನ್ನಲ್ಲ. ಹೇಗೂ ಒಂದು ಕ್ಯಾಮೆರಾ ಕಮ್ಮಿ ಆದರೆ ನೆಟ್ ಮೇಲಿನ ಹೊರೆಯೂ ಇಳಿಯುತ್ತೆ!

ಹಾಗಾಗಿ ಈ ಭಾನುವಾರ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಸ್ಟಾಪ್‌ವಾಚ್, ಸಬ್ ಸ್ಟ್ರೀಮ್, ಕೇಬಲ್ಲಿನ ಜತೆ ಇನ್ನೂ ಮೂರು ಸೇರಿಸಿ. ಊರಿನ ಅಕ್ಕಪಕ್ಕದ ಎರಡು ಮನೆಯವರ ನಂಬರ್ ಬರೆದುಕೊಳ್ಳಿ, ಫೋನ್ ಮಾಡಿ ಕುಶಲವನ್ನೂ ಕೇಳಿ. ವಿದೇಶದಲ್ಲಿರುವವರು ಊರಿನ ಪೊಲೀಸ್ ಠಾಣೆಯ ಸ್ಥಿರ ದೂರವಾಣಿಯ ಪೂರ್ತಿ ನಂಬರ್ ಇಟ್ಟುಕೊಳ್ಳಿ, ಯಾಕೆಂದರೆ ಅಲ್ಲಿಂದ 112 ಒತ್ತಿದರೆ ಅದು ಕರ್ನಾಟಕಕ್ಕೆ ಬರುವುದಿಲ್ಲ. ಮನೆಯಲ್ಲಿರುವ ಹಿರಿಯರಿಗೆ ಹಿರಿಯ ನಾಗರಿಕರ ಸಹಾಯವಾಣಿ 14567 ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.

ನಿಮ್ಮ ಮನೆಯ ‘ಲೈವ್’ ಎಷ್ಟು ಸೆಕೆಂಡು ಹಳೇದು? ಅಳೆದು ಇಲ್ಲಿ ಕೆಳಗೆ ಬರೆಯಿರಿ. ಯಾವುದರಿಂದ ಇಳಿಯಿತು ಅನ್ನೋದನ್ನೂ ಬರೆದರೆ ಇನ್ನೊಬ್ಬರಿಗೆ ಒಂದು ಪ್ಲ್ಯಾನಿನ ದುಡ್ಡು ಉಳಿದೀತು. ಮತ್ತೆ ಪಕ್ಕದ ಮನೆಯವರ ನಂಬರ್ ಸಿಕ್ಕಿತಾ ಅನ್ನೋದನ್ನೂ ಹೇಳಿ.